ಹೋಗಿಬರ್ತೀನಿ ಅನ್ನಬಾರದ ಜಾಗ

ಫೆಬ್ರವರಿ 16, ರವಿವಾರ

ಬರೆಯದಿದ್ದರೆ ಯಾರ ಮೇಲಾದರೂ ಎಗರಾಡಿಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊನ್ನೆ ಶುಕ್ರವಾರ ನನ್ನ ಮಗಳು ಭುವನಾಳನ್ನು ಮಣ್ಣಿಗಿಟ್ಟು ಬಂದೆವು. ದಸರೆಯ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದಾಗ ಬಾಗಲಕೋಟೆಯ ಮನೆಗೆ ಬೀಗ ಹಾಕಿಕೊಂಡು ಸಿಂಗಪುರಕ್ಕೆ ಓಡಿ ಬಂದವಳು ನಾನು. ಗುಣ ಮಾಡಿಸಿಕೊಂಡು ಹೋಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ.

ಇಲ್ಲಿ ನಮ್ಮ ಕಡೆಯವರೆಂದರೆ ಸುಡುವವರು ಎಂದೇ ಎಲ್ಲರ ತಿಳಿವಳಿಕೆ. ಪಕ್ಕದ ಬ್ಲಾಕಿನ ಮೈಸೂರಿನ ಹುಡುಗಿ ಮೈಥಿಲಿ, ಪಾಪ, ಚಿತಾಗಾರಕ್ಕೆ ಫೋನ್ ಮಾಡಲು ಹೊರಟಿದ್ದಳು. ನಮ್ಮಲ್ಲಿ ಹೂಳುತ್ತಾರಮ್ಮ ಎಂದು ನಾನು ಬಾಯಿ ತೆರೆಯುವ ಮೊದಲೇ ಅಳಿಯ ಹೇಳಿದ, ಸುಡುವುದು ಬೇಡ, ಅವರು ಹೂಳುವವರು, ನಾವೂ ಹೂಳುವವರೇ ಎಂದು. ಅಳಿಯನ ಹೆಸರು ಡೋನಲ್. ಐರ್ಲೆಂಡಿನ ಕಾರ್ಕ್ ಕಡೆಯವನು. ತಂಜಾಂಗ್ ಪಗಾರಿನ ಆಫೀಸಿನಲ್ಲಿ ಇಬ್ಬರಿಗೂ ಪರಿಚಯವಾಗಿ, ಮದುವೆಯಾಗಿ, ಸೆರಂಗೂನಿನಲ್ಲಿ ಮನೆ ಮಾಡಿ ಹತ್ತು ವರ್ಷವಾಯಿತು. ಅಷ್ಟು ವರ್ಷದಲ್ಲಿ ನನಗೂ ಆತನಿಗೂ ಹತ್ತು ಮಾತು ನಡೆದಿದ್ದರೆ ಹೆಚ್ಚು.

ಕೂರಿಸಿ ಮಣ್ಣು ಮಾಡುವುದು ನಮ್ಮ ಪದ್ಧತಿ. ಚೋವಾ ಚೂ ಕಾಂಗಿನ ಸ್ಮಶಾನದಲ್ಲಿ ಸಿಮೆಂಟಿನ ಗುಂಡಿ, ಮಲಗಿಸಲೇಬೇಕು. ಇಲ್ಲಿಯ ನಮ್ಮ ಜನಕ್ಕೆ ಹಿರಿಯರಾದ ಗುರುಬಸಪ್ಪನವರು ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಹಾಕಿ, ಮಾಡಬೇಕಾದ್ದನ್ನೆಲ್ಲ ಮಾಡಿದರು. ಎಲ್ಲ ಮುಗಿದು ಹಿಂತಿರುಗಬೇಕು, ಆಗ ಅಳಿಯ ಮೊಣಕಾಲೂರಿ, ಮುಚ್ಚಿದ ಕಲ್ಲಿನ ಮೇಲೆ ಅಂಗೈ ಇಟ್ಟು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಅಂದ:

"ಭುವನಾ, ಹೋಗಿಬರ್ತೀನಿ."

ಅತ್ತಿ ಎನ್ನುವುದು ಬಿಟ್ಟರೆ ಆತನಿಗೆ ಬರುವ ಕನ್ನಡ ಅದೊಂದೇ. ಮದುವೆಯಾದ ಹೊಸದರಲ್ಲಿ ಹಿರಿಯರಿಗೆ ಖುಷಿಯಾಗಲಿ ಎಂದು ಭುವನಾಳೇ ಕಲಿಸಿದ್ದಳು, ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು ಎಂದು. ಎಲ್ಲಿ ಅನ್ನಬಾರದು ಎಂಬುದನ್ನು ಕಲಿಸಿರಲಿಲ್ಲ. ಸಾವಿನ ಮನೆಯಲ್ಲಿ, ಸ್ಮಶಾನದಲ್ಲಿ ಯಾರಾದರೂ ಆ ಮಾತು ಆಡುತ್ತಾರೆಯೇ? ಸುಮ್ಮನೆ ಎದ್ದು ಬರುತ್ತೇವೆ, ಹಿಂತಿರುಗಿಯೂ ನೋಡುವುದಿಲ್ಲ. ಗುರುಬಸಪ್ಪನವರು "ಶಿವ ಶಿವಾ" ಎಂದು ಕಣ್ಣು ಮುಚ್ಚಿದರು. ಉಳಿದವರೆಲ್ಲ ನೆಲ ನೋಡಿದರು. ನಾನು ಆತನ ರಟ್ಟೆ ಹಿಡಿದು ಎಬ್ಬಿಸಿ, ಈ ಮಾತು ಇಲ್ಲಿ ಅನ್ನಬಾರದು, ಎಂದಿಗೂ ಅನ್ನಬಾರದು ಎಂದು ಇಂಗ್ಲಿಷಿನಲ್ಲಿ ಗದರಿದೆ.

"ಸಾರಿ, ಅತ್ತಿ" ಎಂದ. ಅಷ್ಟೇ. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಮನೆಗೆ ಬಂದ ಮೇಲೆ ಮೈಥಿಲಿ ಹೇಗಿದ್ದೀರಿ ಎಂದು ಕೇಳಿದರೆ "ಗ್ರ್ಯಾಂಡ್" ಅಂದ. ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಗ್ರ್ಯಾಂಡ್ ಎಂದರೆ ವೈಭವದ್ದು, ದೊಡ್ಡದು ಎಂದು ಎಷ್ಟು ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೋ. ನನ್ನ ಮಗಳು ಕಲ್ಲಿನ ಕೆಳಗೆ, ಈತ ಗ್ರ್ಯಾಂಡ್.

ಫೆಬ್ರವರಿ 20, ಗುರುವಾರ

ಮಾತಾಡಿಸಲು ಬರುವವರ ಕಾಟ. ಇವತ್ತು ಆತನ ಕಡೆಯವರು ಬಂದಿದ್ದರು, ಐದಾರು ಜನ. ಸಾಲಾಗಿ ನನ್ನ ಮುಂದೆ ಬಂದು, ಕೈ ಕುಲುಕಿ, ಎಲ್ಲರೂ ಒಂದೇ ವಾಕ್ಯ ಒಪ್ಪಿಸಿದರು: "ಸಾರಿ ಫಾರ್ ಯುವರ್ ಟ್ರಬಲ್." ತರಗತಿಯಲ್ಲಿ ಹಾಜರಿ ಹೇಳಿದ ಹಾಗೆ. ಟ್ರಬಲ್ ಅಂತೆ! ಬಸ್ಸು ತಪ್ಪಿದರೆ ಆಗುವುದು ಟ್ರಬಲ್. ಆಮೇಲೆ ಕೂತು ಚಹಾ ಕುಡಿಯುತ್ತ ಭುವನಾ ಆಫೀಸಿನಲ್ಲಿ ಏನೇನು ಕಿತಾಪತಿ ಮಾಡಿದ್ದಳು ಎಂದು ಹೇಳಿಕೊಂಡು ನಕ್ಕರು. ನಕ್ಕರು! ಆತನೂ ನಕ್ಕ. ನಾನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ.

ಮೊಮ್ಮಗಳು ರಿಷಿಕಾ ಬಂದು ಪಕ್ಕದಲ್ಲಿ ಮಲಗಿದಳು. ಏಳು ವರ್ಷದ ಮಗು. ಅವಳ ಕೂದಲಿಗೆ ಭುವನಾಳ ಎಣ್ಣೆಯ ವಾಸನೆ ಇನ್ನೂ ಇತ್ತು. ನಾನೇ ಅದೇ ಬಾಟಲಿಯಿಂದ ಹಚ್ಚುತ್ತಿದ್ದೇನೆ.

ಮಾರ್ಚ್ 2, ರವಿವಾರ

ಧಾರವಾಡದಿಂದ ಸೂರಜನ ಫೋನ್ ಬಂದಿತ್ತು. ನನ್ನ ಮಗನದು ಮಾತು ಕಡಿಮೆ, ಆದರೆ ವಿಚಾರ ಮಾಡಿಯೇ ಮಾತಾಡುತ್ತಾನೆ.

"ಯವ್ವಾ, ಕೂಸನ್ನ ನೀ ಬರೂಮುಂದ ಕರ್ಕೊಂಡು ಬಾ. ನಾವು ಸಾಲಿಗೆ ಹಾಕ್ತೀವಿ. ಆ ಮನಶ್ಯಾ ಒಬ್ಬವನ ಹೆಂಗ ಸಂಭಾಳಸ್ತಾನ? ಇವತ್ತಲ್ಲ ನಾಳೆ ತನ್ನ ದೇಶಕ್ಕ ಎತ್ಕೊಂಡು ಹೋಗ್ತಾನ. ಆಮ್ಯಾಲೆ ನಮಗ ಆಕಿ ಮಾರಿ ನೋಡಾಕೂ ಸಿಗಂಗಿಲ್ಲ."

ನನ್ನ ಮನಸ್ಸಿನಲ್ಲಿದ್ದುದನ್ನೇ ಅವನು ಆಡಿದ. ಮಗಳು ಹೋದಳು, ಅವಳ ಗುರುತು ಅಂತ ಉಳಿದಿರುವುದು ಇದೊಂದು ಜೀವ. ಇದನ್ನೂ ಆ ದೂರದ ಚಳಿ ದೇಶಕ್ಕೆ ಬಿಟ್ಟುಕೊಟ್ಟರೆ ನಾನು ಯಾತಕ್ಕೆ ಬದುಕಿರಬೇಕು? ಈ ದೇಶದಲ್ಲಿರಲು ಕೊಟ್ಟ ನನ್ನ ಪಾಸು ಜೂನ್ ಕೊನೆಯವರೆಗೆ ಇದೆ. ಅಷ್ಟರೊಳಗೆ ಆತನಿಗೆ ಹೇಳಬೇಕು, ಮಗುವನ್ನು ನನ್ನ ಜೊತೆ ಕಳಿಸು ಎಂದು. ಹೊತ್ತು ನೋಡಿ ಹೇಳಬೇಕು.

ಸಂಜೆ ಸಮಾಧಿಗೆ ಹೋಗಿದ್ದೆವು. ಆತ ಪ್ರತಿ ರವಿವಾರ ಹೋಗುತ್ತೇನೆ ಎನ್ನುತ್ತಾನೆ. ಹೋಗಿ ಮಾಡುವುದೇನು? ಕಲ್ಲಿನ ಪಕ್ಕ ಕೂತು "ಕಮಿಯರ್ ಟು ಮಿ, ಗರ್ಲ್" ಎಂದು ಶುರು ಮಾಡುತ್ತಾನೆ. ಬಾ ಇಲ್ಲಿ ಅಂತೆ. ಎಲ್ಲಿಂದ ಬರುತ್ತಾಳೆ? ಆಮೇಲೆ ವಾರದ ಸುದ್ದಿಯೆಲ್ಲ, ಲಿಫ್ಟ್ ಕೆಟ್ಟದ್ದು, ರಿಷಿಕಾಳ ಹಲ್ಲು ಬಿದ್ದದ್ದು. ಹೊರಡುವಾಗ ಹಿಂದೆ ಹಿಂದೆ ಹೆಜ್ಜೆ ಇಡುತ್ತ "ಬೈ, ಬೈ, ಬೈಬೈಬೈ" ಎಂದು ದನಿ ಸಣ್ಣಗಾಗುವವರೆಗೆ ಅನ್ನುತ್ತಾನೆ. ಹೋಗಿಬರ್ತೀನಿ ಅಂತೂ ಅನ್ನಲಿಲ್ಲ. ಅಷ್ಟರಮಟ್ಟಿಗೆ ನಾನು ಗದರಿದ್ದು ಒಳ್ಳೆಯದಾಯಿತು.

ಮಾರ್ಚ್ 11, ಮಂಗಳವಾರ

ಇವತ್ತು ನಗು ಬಂತು. ಬಂದದ್ದಕ್ಕೆ ಬೇಸರವೂ ಆಯಿತು.

ಸಂಜೆ ನಮ್ಮ ಬ್ಲಾಕಿನ ಬುಡದ ತೆರೆದ ಪಡಸಾಲೆ, ಇಲ್ಲಿಯವರ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ರಿಷಿಕಾ ನನಗೆ ಪಾಠ ಮಾಡಿದಳು. ಬೆಳಿಗ್ಗೆ ಬಚ್ಚಲಲ್ಲಿ ಒದ್ದೆ ಟವೆಲ್ ಬಿಸಾಡಿದ್ದಕ್ಕೆ ಡೋನಲ್‌ಗೆ ನಾಲ್ಕು ಮಾತು ಅಂದಿದ್ದೆ. ಆತ ಮಗಳ ಹತ್ತಿರ, ಅಜ್ಜಿ ನನಗೆ ಗಿವಿಂಗ್ ಔಟ್ ಅಂದನಂತೆ. ಏನು ಕೊಟ್ಟೆನೇ ನಾನು ಅವನಿಗೆ ಎಂದೆ. ಈ ಊರಿನ ರೂಢಿಯಂತೆ ಮಾತಿಗೊಂದು ಲಾ ಸೇರಿಸಿ ಅಂದಳು:

"ಏನೂ ಕೊಡಲ್ಲ ಲಾ, ಅಜ್ಜಿ! ಗಿವಿಂಗ್ ಔಟ್ ಅಂದ್ರೆ ಬೈಯೋದು. ಡ್ಯಾಡಿ ಊರು ಕಾರ್ಕ್‌ನಲ್ಲಿ ಎಲ್ರೂ ಹಂಗೇ ಅಂತಾರೆ."

"ಮತ್ತ ಆ ಗೋ ವೇ ಅಂತಾನಲ್ಲ, ಯಾರಿಗೆ ಹೋಗು ಅಂತಾನ?"

"ಹೋಗು ಅಂತ ಅಲ್ಲ. ನಂಬಕ್ಕಾಗಲ್ಲ ಅಂತ. ಅಮ್ಮ 'ಹೋಗ್ಲೇ' ಅಂತಿದ್ಲಲ್ಲ, ಸೇಮ್."

ಹೌದಲ್ಲ. ನಾವೂ ಎದುರಿಗೆ ಕೂತವರಿಗೇ ಹೋಗೋ ಮಾರಾಯ ಎನ್ನುತ್ತೇವೆ. ಯುವರ್ ಮ್ಯಾನ್ ಎಂದರೆ ಗಂಡನಲ್ಲ, ಯಾರಾದರೂ ಆಗಬಹುದಂತೆ, ನಾವು 'ನಿಮ್ಮ ಮನಶ್ಯಾ' ಎಂದು ಊರಿನ ಗೌಡನ ಬಗ್ಗೆಯೂ ಮಾತಾಡಿದ ಹಾಗೆ. ಹೆಸರು ನೆನಪಾಗದ ಸಾಮಾನೆಲ್ಲ ಯೋಕ್. ಐ ವಿಲ್, ಯಾ ಅಂದರೆ ಸುತರಾಂ ಮಾಡುವುದಿಲ್ಲ ಎಂದು ಅರ್ಥ. ನಮ್ಮ 'ಹೂಂ, ಮಾಡ್ತೀನಿ ನೋಡು' ಇದ್ದಂತೆ. ಬೈಬೈಬೈ ಯಾಕೆ ಎಂದು ಕೇಳಿದೆ. ಮೊದಲು ಫೋನ್ ಇಡಲು ಇಬ್ಬರಿಗೂ ಬೇಜಾರು, ಅದಕ್ಕೆ ಅಂದಳು.

ಗ್ರ್ಯಾಂಡ್ ಬಗ್ಗೆಯೂ ಕೇಳಿದೆ. ಮಗು ಸ್ವಲ್ಪ ಯೋಚಿಸಿತು.

"ಅದು ಆರಾಮ್ ಅಂತ, ಅಜ್ಜಿ. ಆರಾಮ್ ಇಲ್ದಿದ್ರೂ ಹಂಗೇ ಹೇಳೋದು."

ಮಾರ್ಚ್ 17, ಸೋಮವಾರ

ಡೋನಲ್‌ನವರ ಕಡೆ ಇವತ್ತು ಎಲ್ಲರೂ ಹಸಿರು ತೊಡುವ ಹಬ್ಬವಂತೆ. ಸ್ನೇಹಿತರು ಕರೆಯಲು ಫೋನ್ ಮಾಡಿದ್ದರು. ಹೋಗಿ ಬಾರಪ್ಪ ಎಂದೆ. "ಐ ವಿಲ್, ಯಾ" ಅಂದ. ಹೋಗಲಿಲ್ಲ. ರಿಷಿಕಾಳ ಜಡೆಗೆ ಹಸಿರು ರಿಬ್ಬನ್ ಕಟ್ಟುವುದಕ್ಕೆ ಹೆಣಗುತ್ತಿದ್ದ. ಅವನ ಕೈಯಿಂದ ಕಿತ್ತುಕೊಂಡು ನಾನೇ ಕಟ್ಟಿದೆ.

ಏಪ್ರಿಲ್ 6, ರವಿವಾರ

ಮಾಲಿನಲ್ಲಿ ಬೆಂಗಳೂರಿನವಳೊಬ್ಬಳು ಗಂಟುಬಿದ್ದಳು. ಭುವನಾಳ ಪರಿಚಯವಂತೆ. "ಯಾವ ಸ್ಟೇಜಲ್ಲಿ ಗೊತ್ತಾಯ್ತು ಆಂಟಿ? ಮೊದಲೇ ಟೆಸ್ಟ್ ಮಾಡಿಸ್ಲಿಲ್ವಾ? ಫ್ಯಾಮಿಲೀಲಿ ಯಾರಿಗಾದ್ರೂ ಇತ್ತಾ?" ಒಂದೊಂದು ಪ್ರಶ್ನೆಗೂ ನನ್ನ ಮಗಳನ್ನು ಮತ್ತೆ ಆಸ್ಪತ್ರೆಯ ಮಂಚಕ್ಕೆ ಏರಿಸಿದಳು. ಕೈ ಹಿಡಿದು, ಸಾರಿ ಫಾರ್ ಯುವರ್ ಟ್ರಬಲ್ ಎಂದು ಹೇಳಿ ತನ್ನ ಪಾಡಿಗೆ ಹೋಗಿದ್ದರೆ ಇವಳಿಗೇನು ಕಳೆದುಹೋಗುತ್ತಿತ್ತು? ಮತ್ತೇನು ಬೇಕು ದುಃಖದಲ್ಲಿದ್ದವರಿಗೆ?

ಡೋನಲ್ ದೂರದಿಂದಲೇ ನೋಡಿ ಬಂದು, ತಡವಾಯಿತು ಎಂದು ಸುಳ್ಳು ಹೇಳಿ ನನ್ನನ್ನು ಬಿಡಿಸಿಕೊಂಡು ಬಂದ. ಟ್ಯಾಕ್ಸಿಯಲ್ಲಿ "ಯುವರ್ ವನ್ ಹ್ಯಾಸ್ ಅ ಮೌತ್ ಆನ್ ಹರ್" ಎಂದ. ಹೌದಪ್ಪ, ಬಾಯಿ ಬಹಳ ಎಂದೆ.

ಮಿಕ್ಸರಿನ ಕೆಳಗಿನ ಯೋಕು ಸವೆದಿದೆ. ನಾಳೆ ಆಫೀಸಿನಿಂದ ಬರುವಾಗ ಹೊಸದು ತರುತ್ತೇನೆ ಎಂದಿದ್ದಾನೆ.

ಸೂರಜ ಮತ್ತೆ ಕೇಳಿದ, ಮಾತು ತೆಗೆದಿಯಾ ಎಂದು. ಈ ತಿಂಗಳೊಳಗೆ ಖಂಡಿತ ಎಂದೆ.

ಏಪ್ರಿಲ್ 27, ರವಿವಾರ

ಇವತ್ತು ಹೇಳಿಯೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಊಟಕ್ಕೆ ಅವನಿಗೆ ಸೇರುವ ಎಣ್ಣೆಗಾಯಿ ಮಾಡಿ, ರೊಟ್ಟಿ ತಟ್ಟುತ್ತಿದ್ದೆ. ಹೊಟ್ಟೆ ತುಂಬಿದ ಮೇಲೆ ಮಾತು ತೆಗೆಯುವುದು ಸುಲಭ.

ಹಾಲಿನಲ್ಲಿ ಅವನು ಇಸ್ತ್ರಿ ಮಾಡುತ್ತ ಸ್ಪೀಕರ್ ಹಾಕಿಕೊಂಡು ತನ್ನ ಅವ್ವನ ಜೊತೆ ಮಾತಾಡುತ್ತಿದ್ದ. ನೋರಾ ಎಂದು ಅವರ ಹೆಸರು, ನನ್ನದೇ ವಯಸ್ಸು. ಆ ಕಡೆಯ ಇಂಗ್ಲಿಷ್ ಮೊದಲೆಲ್ಲ ನನ್ನ ಕಿವಿಗೆ ಗಾಳಿ ಬೀಸಿದಂತೆ ಕೇಳುತ್ತಿತ್ತು. ಈಗ ಒಂದು ಮಾತೂ ತಪ್ಪುವುದಿಲ್ಲ. ಸೆಪ್ಟೆಂಬರಿಗೆ ಶಾಲೆ ಶುರುವಾಗುತ್ತದೆ, ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದೇನೆ, ನಿನ್ನ ದನಿ ಕೇಳಿದರೇ ಗೊತ್ತಾಗುತ್ತದೆ ನೀನು ಹಣ್ಣಾಗಿದ್ದೀಯ ಎಂದು, ಬಾ ಮಗನೇ ಮನೆಗೆ ಎಂದು ಆಕೆ ಅಂಗಲಾಚುತ್ತಿದ್ದರು.

ಇಸ್ತ್ರಿಪೆಟ್ಟಿಗೆಯ ಉಸ್ಸೆನ್ನುವ ಸದ್ದು ನಿಂತಿತು. ಆಮೇಲೆ ಹೇಳಿದ:

"ಆಗಲ್ಲ ಮಮ್ಮಿ. ನನಗೂ ಬರಬೇಕು ಅಂತ ಜೀವ ಎಳೀತಿದೆ. ಆದರೆ ಅತ್ತಿ ಇದ್ದಾರಲ್ಲ. ಅವರ ಮಗಳನ್ನ ಕಳಕೊಂಡಾಗಿದೆ. ಮಗೂನೂ ನಾನು ಕಿತ್ಕೊಂಡು ಹೋಗಲಾ? ಇಲ್ಲಿದ್ದರೆ ಅವರಿಗೆ ನಾಲ್ಕೈದು ಗಂಟೆ ವಿಮಾನ, ಬಂದು ನೋಡ್ಕೊಂಡು ಹೋಗಬಹುದು. ಕಾರ್ಕ್‌ಗೆ ಹೆಂಗೆ ಬರ್ತಾರೆ?"

ಆಕೆ ಅತ್ತರೆಂದು ಕಾಣುತ್ತದೆ. ಆಮೇಲೆ ಇಬ್ಬರೂ ಬೈಬೈಬೈ ಎಂದರು, ಬಹಳ ಹೊತ್ತು.

ಏಪ್ರಿಲ್ 28, ಸೋಮವಾರ

ನಿನ್ನೆ ಏನೂ ಹೇಳಲಿಲ್ಲ. ರೊಟ್ಟಿ ಹೊತ್ತಿತು. ಹೊತ್ತಿದ್ದನ್ನೇ ಅವನು ಎರಡು ತಿಂದ.

ಮೇ 4, ರವಿವಾರ

ಸಮಾಧಿಯಿಂದ ಬಂದ ಮೇಲೆ ರಿಷಿಕಾ ಮೈಥಿಲಿಯ ಮನೆಗೆ ಆಡಲು ಹೋಗಿದ್ದಳು. ಡೋನಲ್‌ಗೆ ಚಹಾ ಕೊಟ್ಟು ಎದುರಿಗೆ ಕೂತೆ. ಬೆಳಿಗ್ಗೆಯೇ ಸೂರಜನಿಗೆ ಫೋನ್ ಮಾಡಿ, ಕೂಸು ನಮ್ಮ ಕಡೆ ಬರೂದು ಬ್ಯಾಡಪಾ, ಅದರ ಅಪ್ಪನ ಕೂಡ ಇರಲಿ ಎಂದು ಹೇಳಿ ಇಟ್ಟಿದ್ದೆ. ಯಾಕಬೇ, ಏನಾತು ಎಂದ. ಏನಿಲ್ಲ ಎಂದೆ. ಏನೆಂದು ಹೇಳಲಿ?

"ಡೋನಲ್, ಮಗೂನ ಕರ್ಕೊಂಡು ನಿಮ್ಮ ಅವ್ವನ ಮನೆಗೆ ಹೋಗು" ಎಂದೆ ಇಂಗ್ಲಿಷಿನಲ್ಲಿ.

"ಐ ವಿಲ್, ಯಾ" ಎಂದು ಚಹಾದ ಕಪ್ಪಿನ ಒಳಗೆ ನೋಡಿದ.

"ನನಗೆ ಐ ವಿಲ್ ಯಾ ಅನ್ನಬೇಡ. ಅದರ ಅರ್ಥ ನನಗೆ ಗೊತ್ತಿದೆ. ಮೊಮ್ಮಗಳ ಮೇಲೆ ನನಗೆಷ್ಟು ಹಕ್ಕಿದೆಯೋ ನಿಮ್ಮ ಅವ್ವನಿಗೂ ಅಷ್ಟೇ ಇದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲಿ ಬೆಳಿಗ್ಗೆ ನೀನು ಆಫೀಸಿಗೆ ಹೋದರೆ ಮಗು ಯಾರ ಕೈಯಲ್ಲಿ? ನನ್ನ ಪಾಸು ಮುಗಿಯುತ್ತದೆ. ಅಲ್ಲಿ ಅಜ್ಜಿ ಇದ್ದಾರೆ, ನಿನ್ನ ತಂಗಿ ಇದ್ದಾಳೆ. ಹೋಗು."

"ಭುವನಾನ ಇಲ್ಲಿ ಒಬ್ಬಳನ್ನೇ ಬಿಟ್ಟು?"

ಎರಡು ತಿಂಗಳ ಹಿಂದೆ ಯಾರಾದರೂ ಆ ಪ್ರಶ್ನೆ ಕೇಳಿದ್ದರೆ ನಾನೇ ಕಿರುಚುತ್ತಿದ್ದೆ. ಆಮೇಲೆ, ಏನಾದರೂ ಆಡಬೇಕಲ್ಲ ಎಂದು, ಆರಾಮ ಇದ್ದೀಯೇನಪ್ಪ ಎಂದು ಕೇಳಿದೆ.

ಗ್ರ್ಯಾಂಡ್ ಎನ್ನುತ್ತಾನೆ ಎಂದುಕೊಂಡಿದ್ದೆ. "ಇಲ್ಲ ಅತ್ತಿ" ಎಂದ. "ಇಲ್ಲ, ಆರಾಮಿಲ್ಲ." ಆಮೇಲೆ ಮೇಜಿನ ಮೇಲೆ ತಲೆಯಿಟ್ಟು, ಆ ಆರಡಿ ಆಳು, ಭುಜ ಅಲ್ಲಾಡಿಸಿಕೊಂಡು ಅತ್ತ. ನಾನು ಅವನ ಕೂದಲಲ್ಲಿ ಕೈಯಾಡಿಸುತ್ತ ನನ್ನ ಪಾಲಿನದ್ದೂ ಅತ್ತೆ. ಚಹಾ ತಣ್ಣಗಾಯಿತು. ಮತ್ತೆ ಕಾಯಿಸಿ ಕೊಟ್ಟೆ.

ಮೇ 25, ರವಿವಾರ

ಜುಲೈಗೆ ಅವರಿಬ್ಬರೂ ಹೋಗುವುದು ಎಂದಾಯಿತು. ನಾನು ಅದಕ್ಕೂ ಮೊದಲೇ. ನೋರಾ ನನ್ನ ಜೊತೆ ಮಾತಾಡಬೇಕು ಎಂದರಂತೆ. ಫೋನಿನಲ್ಲಿ ಆಕೆ ಮೊದಲು ಹೇಳಿದ್ದೇ "ಸಾರಿ ಫಾರ್ ಯುವರ್ ಟ್ರಬಲ್, ಗಿರಿಜಾ" ಎಂದು. ಆಮೇಲೆ ಎಣ್ಣೆ ಹಚ್ಚುವುದು ಹೇಗೆ, ಯಾವ ಎಣ್ಣೆ, ಮಗು ಮೊಸರನ್ನ ಯಾವಾಗ ಕೇಳುತ್ತದೆ, ಎಲ್ಲ ಕೇಳಿ ತಿಳಿದುಕೊಂಡರು. ಒಳ್ಳೆಯ ಹೆಂಗಸು. ಫೋನ್ ಇಡುವಷ್ಟರಲ್ಲಿ ಸಾಕುಸಾಕಾಯಿತು, ಇಬ್ಬರಿಗೂ ಇಡಲು ಮನಸ್ಸಿರಲಿಲ್ಲ.

ಜೂನ್ 15, ರವಿವಾರ

ಚೀಲ ಕಟ್ಟುತ್ತಿದ್ದೇನೆ. ಭುವನಾಳ ಇಳಕಲ್ ಸೀರೆ ಎರಡನ್ನು ರಿಷಿಕಾಳ ಪೆಟ್ಟಿಗೆಯಲ್ಲಿ ಇಟ್ಟೆ, ದೊಡ್ಡವಳಾದ ಮೇಲೆ ಉಡಲಿ.

ಸೂರಜ ಫೋನ್ ಮಾಡಿದ್ದ. "ಹೆಂಗದೀಬೇ ಯವ್ವಾ?" ಎಂದ. ಗ್ರ್ಯಾಂಡ್ ಅದೀನಪಾ ಎಂದೆ. ಏನಂದಿಬೇ ಎಂದು ಎರಡು ಸಲ ಕೇಳಿದ. ಲೈನ್ ಸರಿ ಇಲ್ಲವೇನೋ.

ಜೂನ್ 22, ರವಿವಾರ

ನಾಳೆ ಬೆಳಿಗ್ಗೆ ವಿಮಾನ. ಇವತ್ತು ನಾವು ಮೂವರೂ ಚೋವಾ ಚೂ ಕಾಂಗಿಗೆ ಹೋಗಿ ಬಂದೆವು. ಮೈಥಿಲಿಯೂ ಬಂದಿದ್ದಳು. ಇನ್ನು ಮುಂದೆ ರವಿವಾರ ಹೂವು ಇಡುವವಳು ಅವಳೇ. "ನಾನಿದೀನಲ್ಲ ಆಂಟಿ, ಮಿಸ್ ಮಾಡಲ್ಲ" ಎಂದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಹೂವು ಇಟ್ಟು, ನಮ್ಮನ್ನು ನಮ್ಮ ಪಾಡಿಗೆ ಬಿಟ್ಟು ಗೇಟಿನ ಹತ್ತಿರ ಹೋಗಿ ನಿಂತಳು.

ಈ ಊರಿನಲ್ಲಿ ಸಮಾಧಿಗೆ ಹದಿನೈದು ವರ್ಷ ಅಷ್ಟೇ. ಜಾಗ ಸಾಲದು, ಆಮೇಲೆ ತೆಗೆಸುತ್ತಾರೆ. ಆಗ ನನಗೆ ಎಪ್ಪತ್ತೊಂಬತ್ತು. ತೆಗೆಯುವ ದಿನ ನಾನು ಇಲ್ಲಿರಬೇಕು ಎಂದೆ. "ಹಾಗಾದರೆ ಮೈಯ ಕಡೆ ನೋಡ್ಕೋಬೇಕು ಅತ್ತಿ, ಬಿಪಿ ಮಾತ್ರೆ ತಪ್ಪಿಸಬಾರದು" ಎಂದ ಡೋನಲ್. ಆಗ ನಾನೂ ಬರುತ್ತೇನೆ, ರಿಷಿಕಾ ನಮ್ಮಿಬ್ಬರ ಕೈ ಹಿಡಿದು ನಡೆಸುತ್ತಾಳೆ ಎಂದ. ರಿಷಿಕಾ, ಅಷ್ಟು ಹೊತ್ತಿಗೆ ನಾನು ಕಾರ್ ಓಡಿಸ್ತೀನಿ ಲಾ ಎಂದಳು.

ಅವನು ಯಾವಾಗಿನಂತೆ ಕಲ್ಲಿನ ಪಕ್ಕ ಕೂತು ಕಮಿಯರ್ ಟು ಮಿ ಎಂದು ಶುರು ಮಾಡಿದ. ಮನೆ ಖಾಲಿ ಮಾಡುತ್ತಿರುವುದು, ಶಾಲೆ, ಕೋಣೆಯ ಬಣ್ಣ. ನಡುವೆ ಒಂದೆರಡು ನಾನೂ ಸೇರಿಸಿದೆ. ರಿಷಿಕಾಳ ಹೊಸ ಹಲ್ಲು ಸೊಟ್ಟಗೆ ಬರುತ್ತಿದೆ, ಅದನ್ನು ಅವನು ಹೇಳಲು ಮರೆತಿದ್ದ.

ಹೊತ್ತಾಯಿತು. ಡೋನಲ್ ಎದ್ದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬೈ, ಬೈ, ಬೈಬೈಬೈ ಎಂದ. ಮಗು ಜೊತೆಗೂಡಿತು. ನಾನೂ ಅವರ ಹಿಂದೆ ಹೊರಡಬೇಕು, ತಿರುಗಿ ನೋಡಬಾರದು. ನಾಲ್ಕು ಹೆಜ್ಜೆ ಹೋದೆ. ಆಗಲಿಲ್ಲ. ತಿರುಗಿ ಬಂದು, ಮೊಣಕಾಲು ನೋಯುತ್ತಿದ್ದರೂ ಬಗ್ಗಿ, ಕಲ್ಲಿನ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಕಾದು ಬೆಚ್ಚಗಿತ್ತು, ಜ್ವರ ಬಂದಾಗ ಅವಳ ಹಣೆ ಇರುತ್ತಿದ್ದ ಹಾಗೆ.

"ಭುವನಾ, ಹೋಗಿಬರ್ತೀನಿ ಯವ್ವಾ" ಎಂದೆ.

ಡೋನಲ್ ನಿಂತಲ್ಲೇ ನಿಂತುಬಿಟ್ಟ. ಬೈಬೈ ನಿಂತಿತು.

"ಇಲ್ಲಿ ಅದನ್ನ ಅನ್ನಬಾರದು ಅಂದಿದ್ದಿರಿ, ಅತ್ತಿ" ಎಂದ ಮೆಲ್ಲಗೆ.

"ಅನ್ನಬಾರದು" ಎಂದೆ. "ಬಾ, ನೀನೂ ಅನ್ನು."

ಅವನು ಬಂದು ನನ್ನ ಕೈಯ ಪಕ್ಕ ಕೈಯಿಟ್ಟು ಅಂದ.